ಮೂರೇ ಅವಕಾಶಗಳ ಫುಟ್‌ಬಾಲ್: ಕೆನಡಾದ ಆಟ ಅಮೆರಿಕದ ಆಟಕ್ಕಿಂತ ಎಲ್ಲಿ ಬೇರೆ

2009ರ ನವೆಂಬರ್ 29. ಕ್ಯಾಲ್ಗರಿಯ ಮ್ಯಾಕ್‌ಮಹೋನ್ ಕ್ರೀಡಾಂಗಣದಲ್ಲಿ ಕೆನಡಾದ ವೃತ್ತಿಪರ ಫುಟ್‌ಬಾಲ್‌ನ ಫೈನಲ್, ಅಂದರೆ ಗ್ರೇ ಕಪ್ ಪಂದ್ಯ. ಸಸ್ಕಾಚೆವನ್ ರಫ್‌ರೈಡರ್ಸ್ 27, ಮಾಂಟ್ರಿಯಲ್ ಅಲುವೆಟ್ಸ್ 25. ಉಳಿದಿರುವುದು ಒಂದೇ ಒದೆತ. ಮಾಂಟ್ರಿಯಲ್‌ನ ಡೇಮನ್ ಡುವಾಲ್ 43 ಗಜ ದೂರದಿಂದ ಒದ್ದ ಚೆಂಡು ಕಂಬದ ಹೊರಗೆ ಹೋಯಿತು. ಹಸಿರು ಅಂಗಿಯ ಆಟಗಾರರು ಕುಣಿಯುತ್ತಾ ಅಂಗಣಕ್ಕೆ ನುಗ್ಗಿದರು. ಅಷ್ಟರಲ್ಲಿ ಹುಲ್ಲಿನ ಮೇಲೆ ಬಿದ್ದಿದ್ದ ಬಾವುಟ, ನಿಯಮ ಮುರಿದಾಗ ರೆಫರಿಗಳು ಎಸೆಯುವಂಥದ್ದು, ಎಲ್ಲರ ಕಣ್ಣಿಗೆ ಬಿತ್ತು. ಸಸ್ಕಾಚೆವನ್ ಅಂಗಣದಲ್ಲಿ ಒಬ್ಬ ಆಟಗಾರನನ್ನು ಹೆಚ್ಚಾಗಿ ನಿಲ್ಲಿಸಿತ್ತು. ದಂಡ ಹತ್ತು ಗಜ. ಡುವಾಲ್‌ಗೆ ಇನ್ನೊಂದು ಅವಕಾಶ ಸಿಕ್ಕಿತು; ಈ ಸಲ 33 ಗಜದಿಂದ. ಚೆಂಡು ಕಂಬಗಳ ನಡುವೆ ಹಾಯಿತು. ಮಾಂಟ್ರಿಯಲ್ 28, ಸಸ್ಕಾಚೆವನ್ 27.

ಆ ಹೆಚ್ಚುವರಿ ಆಟಗಾರ ಹದಿಮೂರನೆಯವನು. ಸಸ್ಕಾಚೆವನ್ ತಂಡವು ತನ್ನ ಅಭಿಮಾನಿ ಸಮೂಹವನ್ನು ಪ್ರೀತಿಯಿಂದ ಕರೆಯುತ್ತಿದ್ದುದೂ ‘ಹದಿಮೂರನೆಯ ಆಟಗಾರ’ ಎಂದೇ. ಆ ಹೆಸರು ಒಂದೇ ರಾತ್ರಿಯಲ್ಲಿ ಗಾಯದ ಗುರುತಾಯಿತು. ಇದೇ ಕಥೆ ಗಡಿಯ ದಕ್ಷಿಣಕ್ಕೆ ನಡೆದಿದ್ದರೆ ಹನ್ನೆರಡನೆಯವನೇ ತಪ್ಪಿತಸ್ಥನಾಗುತ್ತಿದ್ದ. ಅಮೆರಿಕದಲ್ಲಿ ತಂಡಕ್ಕೆ ಹನ್ನೊಂದು ಜನ, ಕೆನಡಾದಲ್ಲಿ ಹನ್ನೆರಡು. ಟೊರಾಂಟೊ, ಕ್ಯಾಲ್ಗರಿಗಳಿಗೆ ಹೊಸದಾಗಿ ಹೋಗಿ ನೆಲೆಸಿದ ಕನ್ನಡಿಗರು ಟಿವಿಯಲ್ಲಿ ಈ ಎರಡೂ ಆಟಗಳನ್ನು ನೋಡಿ, ಒಂದನ್ನು ಇನ್ನೊಂದರ ಬಡ ನಕಲು ಎಂದುಕೊಳ್ಳುವುದುಂಟು. ಹೊರನೋಟಕ್ಕೆ ಅದೇ ಶಿರಸ್ತ್ರಾಣ, ಅದೇ ಅಗಲ ಭುಜಗಳು, ಅದೇ ಗುದ್ದಾಟ. ಆದರೆ ಕೆನಡಾದ ಆಟಕ್ಕೆ ತನ್ನದೇ ಆದ ತರ್ಕವಿದೆ, ಮತ್ತು ಆ ತರ್ಕ ಒಂದೇ ಒಂದು ಅಂಕಿಯಿಂದ ಹುಟ್ಟುತ್ತದೆ. ಆ ಅಂಕಿ ಮೂರು.

ಫುಟ್‌ಬಾಲ್ ಎಂದೊಡನೆ ನಮ್ಮ ಮನಸ್ಸಿಗೆ ಬರುವ ಕಾಲ್ಚೆಂಡಾಟ ಇದಲ್ಲ. ಎರಡೂ ತುದಿ ಚೂಪಾದ ಚೆಂಡನ್ನು ಕೈಯಲ್ಲಿ ಹಿಡಿದು ಓಡುತ್ತಾ, ಇಲ್ಲವೇ ಮುಂದಕ್ಕೆ ಎಸೆಯುತ್ತಾ, ಎದುರಾಳಿಯ ಗಡಿಗೆರೆಯನ್ನು ದಾಟಬೇಕು. ದಾಟಿದರೆ ಟಚ್‌ಡೌನ್, ಆರು ಅಂಕ. ಚೆಂಡನ್ನು ಗೋಲು ಕಂಬಗಳ ನಡುವೆ ಹಾಯುವಂತೆ ಒದ್ದರೆ ಫೀಲ್ಡ್ ಗೋಲ್, ಮೂರು ಅಂಕ. ಆಟ ನಿರಂತರವಾಗಿ ಸಾಗುವುದಿಲ್ಲ. ಕಂತು ಕಂತಾಗಿ ನಡೆಯುತ್ತದೆ. ಚೆಂಡು ಹಿಡಿದವನನ್ನು ಕೆಡವಿದ ಕೂಡಲೇ ಒಂದು ಕಂತು ಮುಗಿಯುತ್ತದೆ. ಈ ಕಂತಿಗೆ ಡೌನ್ ಎಂದು ಹೆಸರು. ನಿಗದಿತ ಡೌನ್‌ಗಳೊಳಗೆ ಹತ್ತು ಗಜ ಮುಂದೆ ಸಾಗಿದರೆ ಎಣಿಕೆ ಮತ್ತೆ ಒಂದರಿಂದ ಶುರು. ಸಾಗದಿದ್ದರೆ ಚೆಂಡು ಎದುರಾಳಿಯ ಪಾಲು.

ಅಮೆರಿಕದಲ್ಲಿ ಆ ಹತ್ತು ಗಜಕ್ಕೆ ನಾಲ್ಕು ಡೌನ್, ಕೆನಡಾದಲ್ಲಿ ಮೂರು. ಒಂದೇ ಒಂದು ಕಡಿಮೆ, ಅದರಲ್ಲೇನಿದೆ ಎನ್ನಿಸಬಹುದು. ಆದರೆ ಕೊನೆಯ ಡೌನ್ ಅನ್ನು ತಂಡಗಳು ಸಾಮಾನ್ಯವಾಗಿ ಒದೆಯಲು ಇಟ್ಟುಕೊಳ್ಳುತ್ತವೆ. ಇದ್ದ ಜಾಗದಲ್ಲೇ ಚೆಂಡು ಬಿಟ್ಟುಕೊಡುವುದಕ್ಕಿಂತ ದೂರ ಒದ್ದು ಎದುರಾಳಿಯನ್ನು ಹಿಂದಕ್ಕೆ ತಳ್ಳುವುದು ಲೇಸು. ಅದಕ್ಕೆ ಪಂಟ್ ಎನ್ನುತ್ತಾರೆ. ಹಾಗಾಗಿ ನಿಜವಾದ ಪ್ರಯತ್ನಗಳು ಅಮೆರಿಕದಲ್ಲಿ ಮೂರು, ಕೆನಡಾದಲ್ಲಿ ಎರಡು. ಹತ್ತನ್ನು ಮೂರರಿಂದ ಭಾಗಿಸಿದರೆ ಸಿಗುವುದು ಮೂರು ಗಜ ಚಿಲ್ಲರೆ. ಎರಡರಿಂದ ಭಾಗಿಸಿದರೆ ಐದು. ಗುಂಪಿನ ನಡುವೆ ನುಗ್ಗಿ ಮೂರೂವರೆ ಗಜ ಓಡಿದವನು ಅಮೆರಿಕದಲ್ಲಿ ತನ್ನ ಕೆಲಸ ಮಾಡಿದಂತೆ. ಅದೇ ಓಟ ಕೆನಡಾದಲ್ಲಿ ತಂಡವನ್ನು ಇಕ್ಕಟ್ಟಿಗೆ ದೂಡುತ್ತದೆ: ಆರೂವರೆ ಗಜ ಬಾಕಿ, ಕೈಯಲ್ಲಿ ಒಂದೇ ಪ್ರಯತ್ನ. ಆದ್ದರಿಂದ ಕೆನಡಾದ ತಂಡಗಳು ಎಸೆಯುತ್ತವೆ. ಮೊದಲ ಡೌನ್‌ನಲ್ಲೇ ಎಸೆಯುತ್ತವೆ, ಎರಡನೆಯದರಲ್ಲಿ ಬಹುಪಾಲು ಎಸೆಯಲೇಬೇಕಾಗುತ್ತದೆ. ಅಮೆರಿಕದ ಆಟದಲ್ಲಿ ಕಾಣುವ, ಇಂಚಿಂಚಾಗಿ ನೆಲ ಕಬಳಿಸುತ್ತಾ ಎದುರಾಳಿಯ ಉಸಿರು ಕಟ್ಟಿಸುವ ನಿಧಾನದ ಮುತ್ತಿಗೆ ಇಲ್ಲಿ ಕಷ್ಟ.

ಎಸೆಯುವುದಕ್ಕೆ ಬಯಲು ಬೇಕು. ಕೆನಡಾದ ಅಂಗಣ 110 ಗಜ ಉದ್ದ, 65 ಗಜ ಅಗಲ. ಎರಡು ತುದಿಗಳಲ್ಲಿ ಟಚ್‌ಡೌನ್ ಗಳಿಸುವ ಎಂಡ್ ಝೋನ್‌ಗಳು ಸಾಮಾನ್ಯವಾಗಿ ತಲಾ 20 ಗಜ. ಅಮೆರಿಕದ್ದು 100 ಗಜ ಉದ್ದ, 53 ಗಜ ಚಿಲ್ಲರೆ ಅಗಲ, ಎಂಡ್ ಝೋನ್ 10 ಗಜ. ಎಂಡ್ ಝೋನ್‌ಗಳನ್ನೂ ಸೇರಿಸಿ ಗುಣಿಸಿ ನೋಡಿದೆ: ಕೆನಡಾದ್ದು 9,750 ಚದರ ಗಜ, ಅಮೆರಿಕದ್ದು 6,400. ಎರಡೂ ತಂಡಗಳ ಆಟಗಾರರಿಗೆ ಹಂಚಿದರೆ ಕೆನಡಾದಲ್ಲಿ ತಲಾ 406 ಚದರ ಗಜ, ಅಮೆರಿಕದಲ್ಲಿ 291. ಆಟಗಾರರು ಇಬ್ಬರು ಹೆಚ್ಚಿದ್ದರೂ ಅಂಗಣ ಖಾಲಿ ಖಾಲಿಯಾಗಿ ಕಾಣುವುದು ಇದೇ ಕಾರಣಕ್ಕೆ. ಉದ್ದಕ್ಕಿಂತ ಅಗಲದ ವ್ಯತ್ಯಾಸವೇ ಮುಖ್ಯ ಎಂಬುದು ನನ್ನ ಎಣಿಕೆ. ಬದಿಯ ಗೆರೆಯವರೆಗೆ ಓಡಿ ತಿರುಗುವ ಆಟಗಾರನನ್ನು ಕಾಯುವವನಿಗೆ ಆ ಹನ್ನೊಂದು ಹೆಚ್ಚುವರಿ ಗಜ ತುಂಬಾ ದೊಡ್ಡದು.

ಅವನ ಸಂಕಟ ಅಲ್ಲಿಗೇ ಮುಗಿಯುವುದಿಲ್ಲ. ಅಮೆರಿಕದಲ್ಲಿ ಚೆಂಡು ಆಟಕ್ಕೆ ಬರುವ ಕ್ಷಣದಲ್ಲಿ ದಾಳಿ ತಂಡದ ಒಬ್ಬನಷ್ಟೇ ಚಲಿಸುತ್ತಿರಬಹುದು. ಅವನೂ ಮುಂದಕ್ಕೆ ಹೋಗುವಂತಿಲ್ಲ. ಕೆನಡಾದಲ್ಲಿ ಹಿಂದಿನ ಸಾಲಿನಲ್ಲಿ ನಿಂತವರು ಯಾವ ದಿಕ್ಕಿಗಾದರೂ, ಎಷ್ಟು ಜನರಾದರೂ ಓಡುತ್ತಿರಬಹುದು. ವೇಗದ ಬೌಲರನ ಹಾಗೆ ದೂರದಿಂದ ಓಡಿ ಬಂದು, ಚೆಂಡು ಹಿಂದಕ್ಕೆ ಹೊರಡುವ ಕ್ಷಣಕ್ಕೆ ಸರಿಯಾಗಿ ಗೆರೆ ತಲುಪುತ್ತಾರೆ. ಈ ಓಟಕ್ಕೆ ಅಲ್ಲಿನವರು ‘ವ್ಯಾಗಲ್’ ಎನ್ನುತ್ತಾರೆ. ಎದುರಿಗಿರುವ ರಕ್ಷಕ ನಿಂತಲ್ಲಿಂದ ಓಟ ಶುರು ಮಾಡಬೇಕು. ದಾಳಿಕಾರ ಆಗಲೇ ಪೂರ್ಣ ವೇಗದಲ್ಲಿದ್ದಾನೆ. ಕೆನಡಾದ ಪಂದ್ಯವನ್ನು ಮೊದಲ ಬಾರಿ ನೋಡುವವರು ಚೆಂಡನ್ನು ಬಿಟ್ಟು, ಕಂತು ಶುರುವಾಗುವ ಮುನ್ನ ನಾಲ್ಕೈದು ಜನ ಅಡ್ಡಾದಿಡ್ಡಿ ಓಡುವ ಆ ಎರಡು ಮೂರು ಸೆಕೆಂಡುಗಳನ್ನು ಗಮನಿಸಲಿ. ಅದಕ್ಕಿಂತ ಚೆಲುವಾದ ದೃಶ್ಯ ಈ ಎರಡೂ ಆಟಗಳಲ್ಲಿ ನನಗೆ ಬೇರೆ ಕಂಡಿಲ್ಲ.

ಇನ್ನೊಂದು ಚಿಕ್ಕ ನಿಯಮವನ್ನು ಹೆಚ್ಚಿನವರು ಗಮನಿಸುವುದಿಲ್ಲ. ಅಮೆರಿಕದಲ್ಲಿ ಎರಡು ತಂಡಗಳ ಮುಂಚೂಣಿಯ ನಡುವಿನ ಅಂತರ ಚೆಂಡಿನ ಉದ್ದದಷ್ಟು ಮಾತ್ರ, ಸುಮಾರು ಒಂದು ಗೇಣು ಮತ್ತು ಕೊಂಚ. ಕೆನಡಾದಲ್ಲಿ ರಕ್ಷಣೆಯವರು ಚೆಂಡಿನಿಂದ ಪೂರ್ತಿ ಒಂದು ಗಜ ಹಿಂದೆ ನಿಲ್ಲಬೇಕು. ಮೂರನೆಯ ಡೌನ್‌ನಲ್ಲಿ ಒಂದೇ ಗಜ ಬೇಕಾಗಿದೆ ಎಂದುಕೊಳ್ಳಿ. ಆ ಗಜದ ತುಂಬಾ ಯಾರೂ ಇಲ್ಲ! ಚೆಂಡು ಪಡೆದ ಕ್ವಾರ್ಟರ್‌ಬ್ಯಾಕ್, ಅಂದರೆ ದಾಳಿಯನ್ನು ನಡೆಸುವ ಆಟಗಾರ, ತನ್ನವರ ಬೆನ್ನಿಗೆ ಅಂಟಿಕೊಂಡು ಮುಂದಕ್ಕೆ ಬಿದ್ದರೆ ಸಾಕು, ಬಹುಪಾಲು ಸಲ ಕೆಲಸ ಆಗಿಬಿಡುತ್ತದೆ. ಹಾಗಾಗಿ ಅಂಥ ಸನ್ನಿವೇಶದಲ್ಲಿ ಕೆನಡಾದ ತರಬೇತುದಾರರು ಒದೆಯುವ ಯೋಚನೆಯನ್ನೇ ಮಾಡುವುದು ಅಪರೂಪ. ಮೂರೇ ಡೌನ್‌ಗಳ ಕಠಿಣ ಲೆಕ್ಕವನ್ನು ಈ ಒಂದು ಗಜ ತುಸು ಸಡಿಲಿಸುತ್ತದೆ.

ಡೌನ್ ಕಡಿಮೆಯಾದರೆ ಒದೆತ ಹೆಚ್ಚುತ್ತದೆ. ಒದೆತ ಹೆಚ್ಚಿದರೆ ಅದರ ಸುತ್ತ ಆಟವೂ ಬೆಳೆಯುತ್ತದೆ. ಅಮೆರಿಕದಲ್ಲಿ ಪಂಟ್ ಹಿಡಿಯಲು ನಿಂತವನು ಕೈ ಎತ್ತಿ ಬೀಸಿದರೆ ಯಾರೂ ಅವನನ್ನು ಮುಟ್ಟುವಂತಿಲ್ಲ; ಚೆಂಡು ಹಿಡಿದಲ್ಲೇ ಕಂತು ಮುಗಿಯುತ್ತದೆ. ಕೆನಡಾದಲ್ಲಿ ಆ ರಿಯಾಯಿತಿ ಇಲ್ಲ. ಬದಲಿಗೆ, ಅವನು ಚೆಂಡು ಮುಟ್ಟುವವರೆಗೆ ಎದುರಾಳಿಗಳು ಐದು ಗಜ ದೂರ ನಿಲ್ಲಬೇಕು. ಮುಟ್ಟಿದ ಮರುಕ್ಷಣ ಅವನು ಓಡಬೇಕು. ಇನ್ನೂ ಸ್ವಾರಸ್ಯದ ನಿಯಮವೊಂದಿದೆ. ಒದ್ದವನು, ಅಥವಾ ಒದೆಯುವಾಗ ಅವನ ಹಿಂದಿದ್ದವರು, ಆ ಚೆಂಡನ್ನು ಮರಳಿ ತಾವೇ ವಶಪಡಿಸಿಕೊಳ್ಳಬಹುದು. ಈ ಆಟದ ಮೂಲವಾದ ರಗ್ಬಿಯ ರಕ್ತ ಇಲ್ಲಿ ಇನ್ನೂ ಹರಿಯುತ್ತಿದೆ.

ಇನ್ನು ಕೆನಡಾದ ಆಟದ ಪ್ರಸಿದ್ಧ ಒಂದು ಅಂಕ. ಅದನ್ನು ‘ರೂಜ್’ ಎನ್ನುತ್ತಾರೆ. ಒದ್ದ ಚೆಂಡು ಎದುರಾಳಿಯ ಎಂಡ್ ಝೋನ್ ಸೇರಿತು, ಅವರು ಅದನ್ನು ಹೊರಗೆ ತರಲಿಲ್ಲ ಎಂದರೆ ಒದ್ದವರಿಗೆ ಒಂದು ಅಂಕ. ಪಂಟ್ ಆಗಲಿ, ಕಂಬ ತಪ್ಪಿದ ಫೀಲ್ಡ್ ಗೋಲ್ ಆಗಲಿ, ಎರಡಕ್ಕೂ ಇದು ಸಿಗುತ್ತದೆ. ‘ಗುರಿ ತಪ್ಪಿದ್ದಕ್ಕೂ ಬಹುಮಾನವೇ’ ಎಂದು ಅಮೆರಿಕದವರು ನಗುವುದು ಇದಕ್ಕೇ. ಆದರೆ ಪಂದ್ಯದ ಕೊನೆಯ ಕ್ಷಣದಲ್ಲಿ ಅಂಕಗಳು ಸಮವಾಗಿವೆ ಎಂದುಕೊಳ್ಳಿ. ಒದ್ದ ಚೆಂಡು ಕಂಬ ತಪ್ಪಿಸಿಕೊಂಡು ಎಂಡ್ ಝೋನಿಗೆ ಬೀಳುತ್ತದೆ. ಅಲ್ಲಿ ನಿಂತವನು ಅದನ್ನು ಹೇಗಾದರೂ ಗೆರೆಯ ಹೊರಗೆ ತರಲೇಬೇಕು, ಇಲ್ಲದಿದ್ದರೆ ಸೋಲು. ಎದುರಿಗೆ ಹತ್ತು ಜನ ನುಗ್ಗಿ ಬರುತ್ತಿದ್ದಾರೆ. ಓಡುವ ದಾರಿ ಇಲ್ಲ. ಅವನು ಚೆಂಡನ್ನು ಒದ್ದು ಹೊರಗೆ ಕಳಿಸುತ್ತಾನೆ. ಕೆನಡಾದ ನಿಯಮದಲ್ಲಿ ಅದಕ್ಕೂ ಅವಕಾಶವಿದೆ. ಎದುರಾಳಿ ಅದನ್ನು ಹಿಡಿದು ಮತ್ತೆ ಒಳಕ್ಕೆ ಒದೆಯುತ್ತಾನೆ. ಅಮೆರಿಕದಲ್ಲಿ ಗುರಿ ತಪ್ಪಿದ ಒದೆತ ಸಾಮಾನ್ಯವಾಗಿ ಒಂದು ನಿಟ್ಟುಸಿರಿನಲ್ಲಿ ಮುಗಿಯುತ್ತದೆ. ಕೆನಡಾದಲ್ಲಿ ಪಂದ್ಯದ ಅತ್ಯಂತ ರೋಮಾಂಚಕ ಘಳಿಗೆ ಅಲ್ಲಿಂದಲೇ ಶುರುವಾಗಬಹುದು.

ಗಡಿಯಾರವೂ ಈ ಚುರುಕಿಗೆ ಜೊತೆಯಾಗಿದೆ. ಅಮೆರಿಕದಲ್ಲಿ ಎರಡು ಕಂತುಗಳ ನಡುವೆ 40 ಸೆಕೆಂಡು. ಕೆನಡಾದಲ್ಲಿ 2025ರವರೆಗೆ ರೆಫರಿ ಸೀಟಿ ಊದಿದ ಮೇಲೆ 20 ಸೆಕೆಂಡಿನೊಳಗೆ ಆಟ ಶುರುವಾಗಬೇಕಿತ್ತು. ಮುನ್ನಡೆಯಲ್ಲಿರುವ ಅಮೆರಿಕದ ತಂಡ ಕೊನೆಯ ಎರಡು ನಿಮಿಷಗಳನ್ನು ಚೆಂಡು ಹಿಡಿದು ಮಂಡಿಯೂರುತ್ತಲೇ ಕಳೆದುಬಿಡಬಹುದು. ಕೆನಡಾದಲ್ಲಿ ಅರ್ಧದ ಕೊನೆಯ ಮೂರು ನಿಮಿಷಗಳಲ್ಲಿ ಪ್ರತಿ ಕಂತಿನ ನಂತರ ಗಡಿಯಾರ ನಿಲ್ಲುತ್ತದೆ, ಡೌನ್‌ಗಳೂ ಮೂರೇ. ಆದ್ದರಿಂದ ಅಲ್ಲಿ ಮುನ್ನಡೆಯನ್ನು ನೆಚ್ಚಿಕೊಂಡು ಕೂರುವುದು ಅಪಾಯ. 2009ರ ಆ ಫೈನಲ್‌ನಲ್ಲೂ ಸಸ್ಕಾಚೆವನ್ ಒಂದು ಹಂತದಲ್ಲಿ 16 ಅಂಕ ಮುಂದಿತ್ತು.

ಹಾಗಾದರೆ ಈ ವ್ಯತ್ಯಾಸಗಳು ಬಂದದ್ದು ಹೇಗೆ? ಕೆನಡಾದವರು ಅಮೆರಿಕದ ಆಟವನ್ನು ತಂದು ತಿದ್ದಿಕೊಂಡರು ಎಂದು ಊಹಿಸುವವರು ಇತಿಹಾಸವನ್ನು ತಲೆಕೆಳಗಾಗಿ ಓದುತ್ತಿದ್ದಾರೆ. 1874ರ ಮೇ ತಿಂಗಳಲ್ಲಿ ಮಾಂಟ್ರಿಯಲ್‌ನ ಮೆಗಿಲ್ ವಿಶ್ವವಿದ್ಯಾಲಯದ ತಂಡ ಮ್ಯಾಸಚೂಸೆಟ್ಸ್‌ನ ಹಾರ್ವರ್ಡ್‌ಗೆ ಆಡಲು ಹೋಯಿತು. ಒಂದು ದಿನ ಹಾರ್ವರ್ಡ್‌ನವರ ನಿಯಮ, ಮರುದಿನ ಮೆಗಿಲ್‌ನವರ ರಗ್ಬಿ ಮಾದರಿಯ ನಿಯಮ. ಎರಡನೆಯದು ಹಾರ್ವರ್ಡ್‌ನವರಿಗೆ ಎಷ್ಟು ಹಿಡಿಸಿತೆಂದರೆ ತಮ್ಮದನ್ನು ಬಿಟ್ಟು ಅದನ್ನೇ ಹಿಡಿದರು. ಯೇಲ್ ಮತ್ತಿತರ ಕಾಲೇಜುಗಳಿಗೆ ಅದು ಹಬ್ಬಿತು. ಅಮೆರಿಕದ ಆಟಕ್ಕೆ ರಗ್ಬಿಯ ಬೀಜ ಬಿದ್ದದ್ದು ಹೀಗೆ ಮಾಂಟ್ರಿಯಲ್‌ನಿಂದ. ಆಮೇಲೆ ಯೇಲ್‌ನ ವಾಲ್ಟರ್ ಕ್ಯಾಂಪ್ 1880ರ ದಶಕದಲ್ಲಿ ಅದನ್ನು ಬೇರೆಯೇ ಆಟವಾಗಿ ರೂಪಿಸಿದರು: ಹನ್ನೊಂದು ಆಟಗಾರರು, ಎರಡು ಪಡೆಗಳನ್ನು ಬೇರ್ಪಡಿಸುವ ಗೆರೆ, ಡೌನ್‌ಗಳ ಎಣಿಕೆ. ಆ ಯೋಚನೆಗಳು ಉತ್ತರಕ್ಕೆ ಮರಳಿದವು. ಟೊರಾಂಟೊ ವಿಶ್ವವಿದ್ಯಾಲಯದ ತಂಡದ ನಾಯಕನಾಗಿದ್ದ ಬರ್ನ್‌ಸೈಡ್ ಅವರ ಹೆಸರಿನ ನಿಯಮಗಳು 1903ರಲ್ಲಿ ಒಂಟಾರಿಯೊದಲ್ಲಿ ಜಾರಿಗೆ ಬಂದವು: ಹನ್ನೆರಡು ಆಟಗಾರರು, ಮೂರು ಡೌನ್‌ಗಳಲ್ಲಿ ಹತ್ತು ಗಜ.

ಇಲ್ಲೊಂದು ವಿಷಯ ನನ್ನನ್ನು ಪ್ರತಿ ಸಲವೂ ಬೆರಗುಗೊಳಿಸುತ್ತದೆ. ಮೂರು ಡೌನ್ ಮತ್ತು 110 ಗಜ ಒಂದು ಕಾಲಕ್ಕೆ ಅಮೆರಿಕದವೇ ಆಗಿದ್ದವು. ಅಲ್ಲಿ 1906ರಿಂದ ಹತ್ತು ಗಜಕ್ಕೆ ಮೂರೇ ಡೌನ್ ಇದ್ದವು, ಅಂಗಣವೂ 110 ಗಜದ್ದೇ. 1912ರಲ್ಲಿ ಅವರು ಅಂಗಣವನ್ನು 100 ಗಜಕ್ಕೆ ಇಳಿಸಿದರು, ತುದಿಗಳಲ್ಲಿ ಹತ್ತು ಗಜದ ಎಂಡ್ ಝೋನ್ ಮಾಡಿದರು, ಡೌನ್‌ಗಳನ್ನು ನಾಲ್ಕಕ್ಕೆ ಏರಿಸಿದರು. ಅಮೆರಿಕದ ಅಂಗಣ ಕಿರಿದಾಗಿ ಉಳಿದದ್ದರ ಹಿಂದೆಯೂ ಹಾರ್ವರ್ಡ್‌ನ ಕಥೆಯೊಂದನ್ನು ಹೇಳುತ್ತಾರೆ. 1906ರ ಹೊತ್ತಿಗೆ ಅಂಗಣವನ್ನು ಅಗಲಿಸುವ ಮಾತು ಬಂದಿತ್ತು. ಆದರೆ 1903ರಲ್ಲಷ್ಟೇ ಕಾಂಕ್ರೀಟಿನಿಂದ ಕಟ್ಟಿದ ಹಾರ್ವರ್ಡ್ ಕ್ರೀಡಾಂಗಣ ಅದಕ್ಕೆ ಜಾಗ ಕೊಡುವಂತಿರಲಿಲ್ಲ. ಅಗಲದ ಬದಲು ಮುಂದಕ್ಕೆ ಎಸೆಯುವ ಪಾಸ್‌ಗೆ ಅನುಮತಿ ಸಿಕ್ಕಿತು. ಅಗಲವಾದ ಅಂಗಣವಿದ್ದ ಕೆನಡಾ ಆ ಪಾಸ್ ಅನ್ನು ಪೂರ್ತಿಯಾಗಿ ಒಪ್ಪಿದ್ದು 1931ರಲ್ಲಿ.

ಆಟಗಾರರ ವಿಷಯಕ್ಕೆ ಬಂದರೆ, ಹಣದ ಅಂತರ ಆಕಾಶ ಭೂಮಿಯಷ್ಟು. ಅಮೆರಿಕದ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನಲ್ಲಿ 32 ತಂಡಗಳು, 2025ರಲ್ಲಿ ಒಂದು ತಂಡದ ಸಂಬಳದ ಮಿತಿ ಸುಮಾರು 28 ಕೋಟಿ ಅಮೆರಿಕನ್ ಡಾಲರ್. ಕೆನಡಾದ ಲೀಗ್ ಸಿಎಫ್‌ಎಲ್‌ನಲ್ಲಿ ಒಂಬತ್ತು ತಂಡಗಳು, ಮಿತಿ ಸುಮಾರು 60 ಲಕ್ಷ ಕೆನಡಾ ಡಾಲರ್. ಅಮೆರಿಕದ ಒಬ್ಬ ದೊಡ್ಡ ತಾರೆಯ ವರ್ಷದ ಸಂಬಳದಲ್ಲಿ ಕೆನಡಾದ ಎಲ್ಲ ತಂಡಗಳನ್ನೂ ಸಾಕಬಹುದು. ಹಾಗಾಗಿ ಒಬ್ಬೊಬ್ಬ ಆಟಗಾರನ ಮೈಕಟ್ಟು, ಬಲಗಳನ್ನು ಹೋಲಿಸಿದರೆ ಎನ್‌ಎಫ್‌ಎಲ್ ಮೇಲು. ಅದರಲ್ಲಿ ವಾದವಿಲ್ಲ. 1950ರಿಂದ 1961ರವರೆಗೆ ಗಡಿಯಾಚೆಗಿನ ತಂಡಗಳೊಂದಿಗೆ ಕೆಲವು ಪ್ರದರ್ಶನ ಪಂದ್ಯಗಳು ನಡೆದವು. ಎನ್‌ಎಫ್‌ಎಲ್ ತಂಡಗಳೇ ಗೆದ್ದವು. 1961ರಲ್ಲಿ ಹ್ಯಾಮಿಲ್ಟನ್ ಟೈಗರ್ ಕ್ಯಾಟ್ಸ್ ಮಾತ್ರ ಆಗಿನ ಪ್ರತಿಸ್ಪರ್ಧಿ ಲೀಗ್ ಎಎಫ್‌ಎಲ್‌ನ ಬಫಲೊ ಬಿಲ್ಸ್ ಅನ್ನು 38–21ರಿಂದ ಸೋಲಿಸಿತು. ಆ ಪಂದ್ಯ ಕೆನಡಾದ ನಿಯಮಗಳಲ್ಲಿ ನಡೆದಿತ್ತು.

ಆದರೆ ಮೇಲು ಕೀಳಿನ ಈ ತಕ್ಕಡಿ ಎಲ್ಲವನ್ನೂ ತೂಗುವುದಿಲ್ಲ. ದಶಕಗಳ ಕಾಲ ಎನ್‌ಎಫ್‌ಎಲ್ ಕಪ್ಪು ಜನಾಂಗದವರನ್ನು ಕ್ವಾರ್ಟರ್‌ಬ್ಯಾಕ್ ಸ್ಥಾನದಲ್ಲಿ ಒಪ್ಪಲು ಹಿಂಜರಿಯಿತು. ತಂಡದ ಯೋಚನೆಯನ್ನೆಲ್ಲ ಹೊರುವ ಸ್ಥಾನ ಅದು. ಕಾಲೇಜಿನಲ್ಲಿ ಅಲ್ಲಿ ಮಿಂಚಿದವರಿಗೂ ‘ಬೇರೆ ಜಾಗದಲ್ಲಿ ಆಡು’ ಎನ್ನುತ್ತಿದ್ದರು. ಅಂಥವರಿಗೆ ಬಾಗಿಲು ತೆರೆದದ್ದು ಕೆನಡಾ. 1951ರಲ್ಲಿ ಹ್ಯಾಮಿಲ್ಟನ್ ತಂಡ ಬರ್ನಿ ಕಸ್ಟಿಸ್ ಅವರನ್ನು ಕ್ವಾರ್ಟರ್‌ಬ್ಯಾಕ್ ಆಗಿ ಕಣಕ್ಕಿಳಿಸಿತು. ಟೊಲೀಡೊ ವಿಶ್ವವಿದ್ಯಾಲಯಕ್ಕೆ ಆಡಿದ 35 ಪಂದ್ಯಗಳಲ್ಲಿ ಒಂದನ್ನೂ ಸೋಲದ ಚಕ್ ಈಲಿಯನ್ನು ಎನ್‌ಎಫ್‌ಎಲ್‌ನ ಯಾವ ತಂಡವೂ ಆರಿಸಲಿಲ್ಲ; ಅವರು 1972ರಲ್ಲಿ ಹ್ಯಾಮಿಲ್ಟನ್‌ಗೆ ಬಂದ ಮೊದಲ ವರ್ಷವೇ ಗ್ರೇ ಕಪ್ ಗೆಲ್ಲಿಸಿಕೊಟ್ಟರು. 1978ರಲ್ಲಿ ವಾರನ್ ಮೂನ್ ಅವರದೂ ಇದೇ ಪಾಡು. ಎಡ್ಮಂಟನ್‌ಗೆ ಹೋದರು, ಸತತ ಐದು ಗ್ರೇ ಕಪ್ ಗೆದ್ದರು, 1984ರಲ್ಲಿ ಎನ್‌ಎಫ್‌ಎಲ್‌ನ ಹ್ಯೂಸ್ಟನ್ ತಂಡ ಸೇರಿ ಅಮೆರಿಕಕ್ಕೆ ಮರಳಿದರು. ಮುಂದೆ ಎರಡೂ ದೇಶಗಳ ಫುಟ್‌ಬಾಲ್ ಗೌರವ ಮಂದಿರಗಳಿಗೆ ಆಟಗಾರರಾಗಿ ಸೇರಿದರು. ಕೆನಡಾದ ಆಟವನ್ನು ‘ಎರಡನೆಯ ದರ್ಜೆ’ ಎನ್ನುವವರು ಈ ಮೂರು ಹೆಸರುಗಳ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು.

ಅಂಗಣದ ವಿಸ್ತಾರ ಬೇರೆ ರೀತಿಯ ಪ್ರತಿಭೆಯನ್ನೂ ಬೆಳೆಸಿತು. ಡಗ್ ಫ್ಲೂಟಿ ಐದು ಅಡಿ ಹತ್ತು ಅಂಗುಲದ ಕ್ವಾರ್ಟರ್‌ಬ್ಯಾಕ್. ಎನ್‌ಎಫ್‌ಎಲ್ ಅಳತೆಗೆ ಗಿಡ್ಡ. ಕೆನಡಾದಲ್ಲಿ ಅವರು ಆಚೀಚೆ ಓಡಿ, ತೆರವು ಹುಡುಕಿ, 1991ರ ಒಂದೇ ಋತುವಿನಲ್ಲಿ 6,619 ಗಜ ಎಸೆದರು. ಲೀಗಿನ ಅತ್ಯುತ್ತಮ ಆಟಗಾರ ಪ್ರಶಸ್ತಿ ಆರು ಸಲ ಅವರ ಪಾಲಾಯಿತು. ಜೊತೆಗೆ, ಸಿಎಫ್‌ಎಲ್ ತಂಡಗಳು ನಿಗದಿತ ಸಂಖ್ಯೆಯ ಕೆನಡಾದವರನ್ನು ಆಡಿಸಲೇಬೇಕು ಎಂಬ ನಿಯಮವಿದೆ. ಅದಿಲ್ಲದಿದ್ದರೆ ದಕ್ಷಿಣದ ನೂರಾರು ಕಾಲೇಜುಗಳಿಂದ ಬರುವ ಪ್ರವಾಹದಲ್ಲಿ ಸ್ಥಳೀಯ ಹುಡುಗರು ಕೊಚ್ಚಿಹೋಗುತ್ತಿದ್ದರು. 1993ರಿಂದ 1995ರವರೆಗೆ ಸಿಎಫ್‌ಎಲ್ ಅಮೆರಿಕದ ಊರುಗಳಲ್ಲೂ ತಂಡ ಕಟ್ಟಿತು. ಬಾಲ್ಟಿಮೋರ್ 1995ರ ಗ್ರೇ ಕಪ್ ಅನ್ನೇ ಗೆದ್ದಿತು. ಆದರೆ ಅಲ್ಲಿನ ಕೆಲವು ಕ್ರೀಡಾಂಗಣಗಳಲ್ಲಿ ಕೆನಡಾದ ಅಂಗಣ ಹಿಡಿಸಲೇ ಇಲ್ಲ, ಪ್ರೇಕ್ಷಕರೂ ನಿಲ್ಲಲಿಲ್ಲ. ಬಾಲ್ಟಿಮೋರ್‌ಗೆ ಎನ್‌ಎಫ್‌ಎಲ್ ತಂಡ ಬರುತ್ತದೆಂದಾದಾಗ ಆ ಚಾಂಪಿಯನ್ನರು ಮಾಂಟ್ರಿಯಲ್‌ಗೆ ಹೊರಟರು.

ಈಗ ಈ ಆಟ ಕವಲುದಾರಿಯಲ್ಲಿದೆ. 2025ರ ಸೆಪ್ಟೆಂಬರ್‌ನಲ್ಲಿ ಲೀಗಿನ ಆಯುಕ್ತ ಸ್ಟೂವರ್ಟ್ ಜಾನ್‌ಸ್ಟನ್ ದೊಡ್ಡ ಬದಲಾವಣೆಗಳನ್ನು ಪ್ರಕಟಿಸಿದರು. 2026ರಿಂದ ಎಂಡ್ ಝೋನಿನ ಆಚೆಗೆ ಹಾರಿಹೋದ ಒದೆತಕ್ಕೆ ರೂಜ್ ಇಲ್ಲ. ಎದುರಾಳಿ ಚೆಂಡನ್ನು ಹಿಡಿದೂ ಹೊರತರದಿದ್ದರೆ ಮಾತ್ರ ಅಂಕ. ಸೀಟಿಗೆ ಕಾಯದೆ ತಾನಾಗಿ ಓಡುವ 35 ಸೆಕೆಂಡಿನ ಗಡಿಯಾರ ಬರುತ್ತದೆ. 2027ರಿಂದ ಅಂಗಣ 100 ಗಜಕ್ಕೆ ಇಳಿಯುತ್ತದೆ, ಎಂಡ್ ಝೋನ್ 15 ಗಜಕ್ಕೆ. ಈವರೆಗೆ ಗಡಿಗೆರೆಯ ಮೇಲೇ ನಿಂತಿದ್ದ ಗೋಲು ಕಂಬಗಳು ಎನ್‌ಎಫ್‌ಎಲ್‌ನಲ್ಲಿರುವಂತೆ ಎಂಡ್ ಝೋನಿನ ಹಿಂಬದಿಗೆ ಹೋಗುತ್ತವೆ. ಟಚ್‌ಡೌನ್ ಹೆಚ್ಚಲಿ, ಫೀಲ್ಡ್ ಗೋಲ್ ಕಡಿಮೆಯಾಗಲಿ ಎಂಬುದು ಉದ್ದೇಶ. ಬ್ರಿಟಿಷ್ ಕೊಲಂಬಿಯಾದ ಕ್ವಾರ್ಟರ್‌ಬ್ಯಾಕ್ ನೇಥನ್ ರೋರ್ಕ್, ಸ್ವತಃ ಕೆನಡಾದವರು, ಇದನ್ನು ಬಹಿರಂಗವಾಗಿ ಟೀಕಿಸಿದರು.

ಕಂಬಗಳ ಸ್ಥಳಾಂತರ ನನಗೆ ಒಪ್ಪಿಗೆ. ಎಂಡ್ ಝೋನಿನೊಳಗೆ ಓಡುವ ಆಟಗಾರರಿಗೆ ಅವು ಅಡ್ಡಿಯೇ ಆಗಿದ್ದವು. ರೂಜ್ ತಿದ್ದುಪಡಿಯೂ ತಪ್ಪಲ್ಲ. ಚೆಂಡನ್ನು ಎತ್ತಿ ಆಚೆಗೆ ಹಾರಿಸಿ ಗೆಲ್ಲುವುದಕ್ಕಿಂತ ಹೊರತರುವ ಹೋರಾಟ ಉಳಿಯುವುದೇ ಒಳ್ಳೆಯದು. ಅಗಲ 65 ಗಜವೇ ಇರುತ್ತದೆ. ಹಾಗಾಗಿ ಹೊಸ ಲೆಕ್ಕದಲ್ಲೂ ಒಬ್ಬೊಬ್ಬ ಆಟಗಾರನ ಪಾಲಿಗೆ 352 ಚದರ ಗಜ ಸಿಗುತ್ತದೆ, ಅಮೆರಿಕದ 291ಕ್ಕಿಂತ ಸಾಕಷ್ಟು ಹೆಚ್ಚು. ಹನ್ನೆರಡು ಆಟಗಾರರು, ವ್ಯಾಗಲ್, ಮೂರು ಡೌನ್ ಯಾವುದನ್ನೂ ಮುಟ್ಟಿಲ್ಲ.

ನನ್ನ ಕಳವಳ 110ರ ಬಗ್ಗೆ. ಅಂಗಣದ ನಡುವೆ ಈವರೆಗೆ 55 ಎಂದು ಬರೆದಿರುತ್ತಿತ್ತು. ಟಿವಿಯಲ್ಲಿ ಆ ಅಂಕಿ ಕಂಡೊಡನೆ ಇದು ಕೆನಡಾದ ಪಂದ್ಯ ಎಂದು ಗೊತ್ತಾಗುತ್ತಿತ್ತು. 2027ರ ಋತು ಶುರುವಾದಾಗ ಅಲ್ಲಿ 50 ಎಂದಿರುತ್ತದೆ. 1912ರಲ್ಲಿ ಅಮೆರಿಕದವರು ಆ ಹತ್ತು ಗಜ ಕತ್ತರಿಸಿದ ವರ್ಷವೇ ನಾಲ್ಕನೆಯ ಡೌನ್ ಅನ್ನೂ ಸೇರಿಸಿದ್ದರು. ಕೆನಡಾ 115 ವರ್ಷಗಳ ನಂತರ ಅದರಲ್ಲಿ ಒಂದನ್ನು ಮಾಡುತ್ತಿದೆ. ಇನ್ನೊಂದನ್ನು ಮಾಡದಿರಲಿ.